ಅಳಿಸಿದ ರಾಣಿ, ಉಳಿದ ಸ್ತ್ರೀಲಿಂಗ

ಪ್ರಾಚೀನ ಈಜಿಪ್ಟಿನ ದೇವಾಲಯಗಳ ಭಿತ್ತಿಶಿಲ್ಪ ಬರಿಯ ಅಲಂಕಾರವಲ್ಲ. ಅರಸನು ದೇವರಿಗೆ ನೈವೇದ್ಯ ಅರ್ಪಿಸುವ ದೃಶ್ಯವನ್ನು ಕಲ್ಲಿನಲ್ಲಿ ಕಂಡರಿಸಿದರೆ ಆ ಅರ್ಪಣೆ ಎಂದೆಂದಿಗೂ ನಡೆಯುತ್ತಿರುತ್ತದೆ ಎಂಬುದು ಅಲ್ಲಿನವರ ನಂಬಿಕೆಯಾಗಿತ್ತು. ಚಿತ್ರದ ಮಗ್ಗುಲಲ್ಲಿ ಕೊರೆದ ಹೆಸರು ಆ ವ್ಯಕ್ತಿಯ ಮರಣೋತ್ತರ ಅಸ್ತಿತ್ವಕ್ಕೆ ಆಧಾರ. ಆದುದರಿಂದ ಚಿತ್ರವನ್ನೂ ಹೆಸರನ್ನೂ ಉಳಿಯಿಂದ ಕೆತ್ತಿ ತೆಗೆಯುವುದು ವ್ಯಕ್ತಿಯನ್ನೇ ಇಲ್ಲವಾಗಿಸುವ ಯತ್ನವೆನಿಸುತ್ತಿತ್ತು.

ಅಂಥ ಯತ್ನಕ್ಕೆ ಗುರಿಯಾದವಳು ಹತ್ಷೆಪ್‌ಸುತ್. ಕ್ರಿ.ಪೂ. ಸುಮಾರು 1479ರಿಂದ 1458ರವರೆಗೆ ಆಕೆಯ ಆಳ್ವಿಕೆ. ಮೊದಲು ಬಾಲಕನಾಗಿದ್ದ ಮಲಮಗ ಮೂರನೆಯ ಥುಟ್ಮೋಸನ ಪರವಾಗಿ, ಬಳಿಕ ಸ್ವತಃ ಫೇರೋ ಆಗಿ. ನೈಲ್ ನದಿಯ ಪಶ್ಚಿಮ ದಡದ ದೈರ್ ಅಲ್-ಬಹ್ರಿಯಲ್ಲಿ, ಕಡಿದಾದ ಬಂಡೆಯ ಬುಡದಲ್ಲಿ ಆಕೆ ಕಟ್ಟಿಸಿದ ದೇವಾಲಯದ ಸುಣ್ಣಕಲ್ಲಿನ ಗೋಡೆಗಳಲ್ಲಿ ನವುರಾದ ಉಬ್ಬುಶಿಲ್ಪಗಳಿವೆ. ಪುಂಟ್ ದೇಶಕ್ಕೆ ಹೋದ ಹಡಗುಗಳು, ಬೇರುಸಹಿತ ಬುಟ್ಟಿಗಳಲ್ಲಿಟ್ಟು ತಂದ ಧೂಪದ ಮರಗಳು, ಆ ನಾಡಿನ ಒಡೆಯ ಮತ್ತು ಅವನ ಸ್ಥೂಲಕಾಯದ ಪತ್ನಿ ಎಲ್ಲವೂ ಅಲ್ಲಿ ಮೈದಳೆದಿವೆ. ಅನೇಕ ದೃಶ್ಯಗಳಲ್ಲಿ ಹತ್ಷೆಪ್‌ಸುತ್ ಪುರುಷವೇಷದಲ್ಲಿ, ಕೃತಕ ಗಡ್ಡ ಧರಿಸಿ ನಿಂತಿದ್ದಾಳೆ. ಫೇರೋ ಎಂದರೆ ಹೀಗೆಯೇ ಇರಬೇಕೆಂಬ ಶಿಲ್ಪಸಂಪ್ರದಾಯಕ್ಕೆ ಹೆಣ್ಣೂ ಹೊಂದಿಕೊಳ್ಳಬೇಕಾಯಿತು.

ಆಕೆಯ ಮರಣದ ಸುಮಾರು ಎರಡು ದಶಕಗಳ ಅನಂತರ, ಮೂರನೆಯ ಥುಟ್ಮೋಸನ ಆಳ್ವಿಕೆಯ ಕೊನೆಯ ಭಾಗದಲ್ಲಿ, ಈ ಚಿತ್ರಗಳ ಮೇಲೆ ಉಳಿ ಓಡಿತು. ಆದರೆ ಉಬ್ಬಿದ ಆಕೃತಿಯನ್ನು ಕೆತ್ತಿ ತೆಗೆದರೂ ಅದರ ಹೊರರೇಖೆ ಹಲವೆಡೆ ನೆರಳಿನಂತೆ ಉಳಿಯಿತು. ಹೆಸರಿನ ಜಾಗದಲ್ಲಿ ಮೊದಲನೆಯ ಮತ್ತು ಎರಡನೆಯ ಥುಟ್ಮೋಸರ ಹೆಸರುಗಳು ಬಂದವು. ಸುತ್ತಲಿನ ಬರಹದ ಸ್ತ್ರೀಲಿಂಗ ರೂಪಗಳು ಮಾತ್ರ ಎಲ್ಲೆಡೆ ತಿದ್ದುಪಡಿಗೆ ಒಳಗಾಗಲಿಲ್ಲ.

1829ರಲ್ಲಿ ಈ ಸ್ಥಳಕ್ಕೆ ಬಂದ ಫ್ರೆಂಚ್ ವಿದ್ವಾಂಸ ಷಾಂಪೋಲಿಯೋನನು ಗಡ್ಡಧಾರಿ ಅರಸನ ಪಕ್ಕದಲ್ಲಿ ಸ್ತ್ರೀಲಿಂಗದ ನಾಮಪದಗಳನ್ನೂ ಕ್ರಿಯಾಪದಗಳನ್ನೂ ಓದಿ ಬೆರಗಾದನು. ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದ್ದ ಆತನಿಗೂ ಈ ಒಗಟು ಪೂರ್ಣವಾಗಿ ಬಿಡಿಸಿಕೊಳ್ಳಲಿಲ್ಲ. ಆದರೆ ಪ್ರಶ್ನೆ ಹುಟ್ಟಿತ್ತು. ಮುಂದಿನ ತಲೆಮಾರಿನ ವಿದ್ವಾಂಸರು ಇಂಥ ಕುರುಹುಗಳನ್ನು ಜೋಡಿಸಿ ರಾಣಿಯ ಚರಿತ್ರೆಯನ್ನು ಮರಳಿ ಕಟ್ಟಿದರು.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಪ್ರಸಂಗ ಅಪರಿಚಿತವೆನಿಸದು. ಓಲೆಗರಿಯಲ್ಲಿ ತಿದ್ದಿದವನ ಕಣ್ತಪ್ಪು ಮೂಲಪಾಠವನ್ನು ಸೂಚಿಸುವಂತೆ, ಇಲ್ಲಿ ಕಲ್ಲಿನಲ್ಲಿ ತಿದ್ದದೆ ಬಿಟ್ಟ ಪ್ರತ್ಯಯ ಸಾಕ್ಷಿ ನುಡಿಯಿತು. ರಾಜಾಜ್ಞೆ ಮುಖವನ್ನು ಅಳಿಸಿತು. ವ್ಯಾಕರಣ ಅವಳನ್ನು ಉಳಿಸಿತು.