ಸಂಖ್ಯಾನಿಯಂತ್ರಿತ ಯಂತ್ರದ ಗೃಹಪ್ರವೇಶ

ಅಂಕಿಗಳ ಆಜ್ಞೆಯಂತೆ ತಾನಾಗಿ ಚಲಿಸಿ ಮರದ ಹಲಗೆಯನ್ನು ಕೊರೆಯುವ ಯಂತ್ರವನ್ನು ಈಗ ಹವ್ಯಾಸಿಗಳು ತಮ್ಮ ಮನೆಯ ಮೂಲೆಯಲ್ಲಿಯೇ ಕಟ್ಟಿಕೊಳ್ಳುತ್ತಿದ್ದಾರೆ. ನಾಲ್ಕಾರು ಅಲ್ಯೂಮಿನಿಯಂ ತೊಲೆಗಳು, ಮೂರೋ ನಾಲ್ಕೋ ಮೋಟಾರುಗಳು, ಬಡಗಿಗಳು ಕೈಯಲ್ಲಿ ಹಿಡಿದು ಹಲಗೆಯ ಅಂಚು ತೆಗೆಯುವ ರೂಟರು, ಅಂಗೈಯಗಲದ ಒಂದು ವಿದ್ಯುನ್ಮಾನ ಫಲಕ, ಇಷ್ಟು ಕೂಡಿದರೆ ಯಂತ್ರದ ಮುಖ್ಯಾಂಗಗಳು ದೊರೆತಂತೆಯೇ. ವ್ಯವಹಾರದಲ್ಲಿ ಇದನ್ನು ಸಿ.ಎನ್.ಸಿ. ರೂಟರ್ ಎನ್ನುವರು. ಕಂಡವರಿಗೆ ಇದು ಕಾರ್ಖಾನೆಯ ದೊಡ್ಡ ಯಂತ್ರದ ಆಟಿಕೆಯೆಂದು ತೋರಬಹುದು. ಆದರೆ ಇದರ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ, ಲೆಕ್ಕ ಹಾಕತಕ್ಕವನು ಯಾರು, ಕೊರೆಯತಕ್ಕವನು ಯಾರು ಎಂಬ ಹಳೆಯ ವ್ಯಾಜ್ಯವೊಂದು ಎದುರಾಗುತ್ತದೆ. ಆ ವ್ಯಾಜ್ಯವು ಕಾರ್ಖಾನೆಯಲ್ಲಿ ಒಂದು ರೀತಿಯಾಗಿ ತೀರ್ಮಾನವಾಯಿತು. ಮನೆಯಲ್ಲಿ ಅದು ಮರುವಿಚಾರಣೆಗೆ ಬಂದಿದೆ.

ರಂಧ್ರಗಳ ಮೂಲಕ ಯಂತ್ರಕ್ಕೆ ಆಜ್ಞೆ ಕೊಡುವ ಕ್ರಮವೇನೋ ಹಳೆಯದು. ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡನ ಹೆಸರಿನ ಮಗ್ಗವು 19ನೆಯ ಶತಮಾನದ ಆದಿಯಲ್ಲಿಯೇ ರಟ್ಟಿನ ಚೀಟಿಗಳನ್ನು ಓದಿ ಹೂಬಳ್ಳಿಗಳನ್ನು ನೇಯುತ್ತಿದ್ದಿತು. ಆದರೆ ಮಗ್ಗದ ಚೀಟಿಗೆ ತಿಳಿಯಬೇಕಾದುದು ಎಳೆಯನ್ನು ಎತ್ತಬೇಕೋ ಬಿಡಬೇಕೋ ಎಂಬುದಷ್ಟೇ. ಲೋಹವನ್ನು ಕೊರೆಯುವ ಉಪಕರಣಕ್ಕೆ ಅಷ್ಟು ಸಾಲದು. ಎತ್ತ ಹೋಗಬೇಕು, ಎಷ್ಟು ದೂರ, ಯಾವ ವೇಗದಲ್ಲಿ ಎಂಬುದೆಲ್ಲವೂ ಅದಕ್ಕೆ ಬೇಕು. ಈ ಕೊರತೆಯನ್ನು ತುಂಬಿದ್ದು ನೇಕಾರರ ಕೇರಿಯಲ್ಲ, ಹೆಲಿಕಾಪ್ಟರಿನ ರೆಕ್ಕೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದ ಟ್ರ್ಯಾವರ್ಸ್ ಸಿಟಿ ಎಂಬ ಊರಿನಲ್ಲಿ ಜಾನ್ ಪಾರ್ಸನ್ಸ್ ಎಂಬಾತನು ಸಿಕೋರ್‌ಸ್ಕಿ ಕಂಪೆನಿಗಾಗಿ ಹೆಲಿಕಾಪ್ಟರಿನ ತಿರುಗುರೆಕ್ಕೆಗಳನ್ನು ಮಾಡಿಕೊಡುತ್ತಿದ್ದನು. ಆತನಿಗೆ ಕಾಲೇಜಿನ ಪದವಿ ಇರಲಿಲ್ಲ; ಕಾರ್ಖಾನೆಯ ಅನುಭವವೇ ಆತನ ವಿದ್ಯೆ. ರೆಕ್ಕೆಯ ಅಡ್ಡಕೊಯ್ತದ ಆಕಾರವನ್ನು ಸೂಚಿಸಲು ಅವನಿಗೆ ಬರುತ್ತಿದ್ದ ನಕ್ಷೆಯಲ್ಲಿ 17 ಬಿಂದುಗಳು ಮಾತ್ರ ಇರುತ್ತಿದ್ದವು. ಅವುಗಳ ನಡುವಣ ವಕ್ರರೇಖೆಯನ್ನು ನಕ್ಷೆಗಾರನು ಕಣ್ಣಳತೆಯಿಂದಲೂ ವಕ್ರಪಟ್ಟಿಯಿಂದಲೂ ಎಳೆಯಬೇಕು. ಪಾರ್ಸನ್ಸನೂ ಆತನ ಇಂಜಿನಿಯರ್ ಫ್ರಾಂಕ್ ಸ್ಟೂಲೆನ್ನನೂ ಐ.ಬಿ.ಎಂ.ನ ಲೆಕ್ಕದ ಯಂತ್ರವನ್ನು ಬಳಸಿ 17ರ ಬದಲಿಗೆ 200 ಬಿಂದುಗಳನ್ನು ಗುಣಿಸಿ ತೆಗೆದರು. ಜಮಾಖರ್ಚಿನ ಯಂತ್ರವೊಂದು ಯಂತ್ರಶಿಲ್ಪಕ್ಕೆ ದುಡಿಯಿತು.

ಆಮೇಲೆ ನಡೆದುದು ಇನ್ನೂ ಸ್ವಾರಸ್ಯಕರ. ಆ ಅಂಕಿಗಳನ್ನು ಒಬ್ಬನು ಪಟ್ಟಿಯಿಂದ ಗಟ್ಟಿಯಾಗಿ ಓದುವನು. ಇನ್ನಿಬ್ಬರು ಯಂತ್ರದ ಎರಡು ಅಕ್ಷಗಳ ಹಿಡಿಚಕ್ರಗಳನ್ನು ಹಿಡಿದು ಅವನ ಮಾತಿನಂತೆ ತಿರುಗಿಸುವರು. ಬಿಂದುವಿನಿಂದ ಬಿಂದುವಿಗೆ ಉಪಕರಣವು ಇಳಿದೆದ್ದು ಹೋದ ಮೇಲೆ ನಡುವೆ ಉಳಿದ ಸಣ್ಣ ಏಣುಗಳನ್ನು ಅರದಿಂದ ಉಜ್ಜಿ ನಯ ಮಾಡುವರು. ಈ ಮೂವರೂ ಕೂಡಿ ಆಗಲೇ ಒಂದು ಸಂಖ್ಯಾನಿಯಂತ್ರಿತ ಯಂತ್ರವಾಗಿದ್ದರು. ಅವರ ಸ್ಥಾನದಲ್ಲಿ ಕಾಗದದ ಪಟ್ಟಿಯನ್ನೂ ಮೋಟಾರುಗಳನ್ನೂ ನಿಲ್ಲಿಸುವುದಷ್ಟೇ ಉಳಿದಿತ್ತು. 1949ರಲ್ಲಿ ಅಮೆರಿಕದ ವಾಯುಪಡೆಯು ಇದಕ್ಕಾಗಿ ಪಾರ್ಸನ್ಸನಿಗೆ ಗುತ್ತಿಗೆ ಕೊಟ್ಟಿತು. ಮೋಟಾರುಗಳ ನಿಯಂತ್ರಣದ ಭಾಗವನ್ನು ಆತನು ಎಂ.ಐ.ಟಿ.ಯ ಸರ್ವೋಮೆಕ್ಯಾನಿಸಂ ಪ್ರಯೋಗಾಲಯಕ್ಕೆ ಒಪ್ಪಿಸಿದನು. ಒಂಟೆಗೆ ಗುಡಾರದಲ್ಲಿ ಜಾಗ ಕೊಟ್ಟ ಕಥೆಯಂತೆ, ವಿದ್ವಾಂಸರು ಕೆಲಸವನ್ನು ಹಿಗ್ಗಿಸುತ್ತ ಹೋದರು. ವಾಯುಪಡೆಯು ನೇರವಾಗಿ ಎಂ.ಐ.ಟಿ.ಯೊಡನೆಯೇ ಒಪ್ಪಂದ ಮಾಡಿಕೊಂಡಿತು, ಪಾರ್ಸನ್ಸನು ಹೊರಗುಳಿದನು. 1952ರ ಸೆಪ್ಟೆಂಬರಿನಲ್ಲಿ ಸಿನ್ಸಿನಾಟಿ ಕಂಪೆನಿಯ ಹೈಡ್ರೊಟೆಲ್ ಎಂಬ ಮಿಲ್ಲಿಂಗ್ ಯಂತ್ರವು ರಂಧ್ರ ಹೊಡೆದ ಕಾಗದದ ಪಟ್ಟಿಯನ್ನು ಓದಿ ಮೂರು ಅಕ್ಷಗಳಲ್ಲಿ ಏಕಕಾಲಕ್ಕೆ ಚಲಿಸಿದುದನ್ನು ಲೋಕಕ್ಕೆ ತೋರಿಸಲಾಯಿತು. ಅದರ ನಿಯಂತ್ರಕದಲ್ಲಿ ನೂರಾರು ನಿರ್ವಾತ ಕೊಳವೆಗಳಿದ್ದು, ಅವೆಲ್ಲ ಸಾಲು ಬೀರುಗಳನ್ನು ತುಂಬಿದ್ದವು. ಪಾರ್ಸನ್ಸ್ ಮತ್ತು ಸ್ಟೂಲೆನ್ನರ ಹೆಸರಿಗೆ 1958ರಲ್ಲಿ ಪೇಟೆಂಟ್ ದೊರೆಯಿತು. ಅವರ ದೇಶ ಅವರಿಗೆ ರಾಷ್ಟ್ರೀಯ ಪದಕವನ್ನಿತ್ತು ಗೌರವಿಸಿದ್ದು 1985ರಲ್ಲಿ.

ಇದೇ ವರ್ಷಗಳಲ್ಲಿ ಮತ್ತೊಂದು ಹಾದಿಯೂ ತೆರೆದಿತ್ತೆಂಬುದನ್ನು ಮರೆಯಲಾಗದು. ಜನರಲ್ ಎಲೆಕ್ಟ್ರಿಕ್ ಕಂಪೆನಿಯವರು ಯುದ್ಧಾನಂತರ ‘ದಾಖಲೆ ಮತ್ತು ಮರುನಡೆ’ ಎನ್ನಬಹುದಾದ ಕ್ರಮವೊಂದನ್ನು ರೂಪಿಸಿದ್ದರು. ನುರಿತ ಕೆಲಸಗಾರನು ಮೊದಲ ವಸ್ತುವನ್ನು ಕೈಯಾರೆ ಕೊರೆಯುವನು. ಅವನ ಕೈಯ ಚಲನೆಗಳು ಕಾಂತಪಟ್ಟಿಯಲ್ಲಿ ದಾಖಲಾಗುವುವು. ಎರಡನೆಯ ವಸ್ತುವಿನಿಂದ ಮುಂದಕ್ಕೆ ಯಂತ್ರವು ಆ ಚಲನೆಗಳನ್ನೇ ಮರುನಡೆಸುವುದು. ಇಲ್ಲಿ ಯಂತ್ರಕ್ಕೆ ಗುರುವಾದವನು ಕೆಲಸಗಾರ, ಎಂ.ಐ.ಟಿ.ಯ ಕ್ರಮದಲ್ಲಿ ಗುರುವಾದವನು ಕಚೇರಿಯ ಗಣಿತಜ್ಞ. ಮೊದಲ ಹಾದಿಯು ಹುಲ್ಲು ಬೆಳೆದು ಮುಚ್ಚಿಹೋಯಿತು. ಆಗ ಅದೇ ಕಂಪೆನಿಯ ನೌಕರಿಯಲ್ಲಿದ್ದ ಕರ್ಟ್ ವಾನೆಗಟ್ ಅಲ್ಲಿಯ ಸ್ವಯಂಚಾಲಿತ ಯಂತ್ರವೊಂದನ್ನು ಕಂಡು 1952ರಲ್ಲಿ ‘ಪ್ಲೇಯರ್ ಪಿಯಾನೊ’ ಎಂಬ ಕಾದಂಬರಿಯನ್ನು ಬರೆದನು.

ಹೀಗೇಕಾಯಿತು? ಇತಿಹಾಸಕಾರ ಡೇವಿಡ್ ನೋಬಲ್ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೆಲಸದ ಮೇಲಣ ಹಿಡಿತವನ್ನು ಕೆಲಸಗಾರನ ಕೈಯಿಂದ ತಪ್ಪಿಸಬೇಕೆಂಬ ಆಡಳಿತವರ್ಗದ ಹಂಬಲವೂ ಸೈನ್ಯದ ಹಣವೂ ಸೇರಿ ಈ ಆಯ್ಕೆಯನ್ನು ಮಾಡಿಸಿದುವೆಂದು ವಾದಿಸಿದ್ದಾನೆ. ವಾದದಲ್ಲಿ ಹುರುಳಿದೆ. ವಾಯುಪಡೆಯು ತಾನೇ ಹಣ ತೆತ್ತು ವಿಮಾನದ ಕಾರ್ಖಾನೆಗಳಲ್ಲಿ ಈ ಯಂತ್ರಗಳನ್ನು ಹೂಡಿಸಿದ ಮೇಲೆಯೇ ಅವು ತಳವೂರಿದುದು. ಆದರೂ ಇದು ಪೂರ್ಣಸತ್ಯವಲ್ಲ. ವೇಗದ ವಿಮಾನದ ರೆಕ್ಕೆಯಲ್ಲಿ ಮೂರು ದಿಕ್ಕಿಗೂ ಬಾಗುವ ಮೈಯನ್ನು ಯಾವ ನುರಿತ ಕೈಯೂ ಮೊದಲ ಬಾರಿಗೇ ತಪ್ಪಿಲ್ಲದೆ ಕೊರೆದು ತೋರಿಸಲಾರದು; ಮಾಡಲಾಗದುದನ್ನು ದಾಖಲಿಸುವುದೆಂತು? ಗಣಿತವು ಅಲ್ಲಿ ಅನಿವಾರ್ಯವಾಗಿತ್ತು. ಅನಿವಾರ್ಯವಲ್ಲದ ಸಾವಿರ ಸಾಮಾನ್ಯ ಕೆಲಸಗಳಿಗೂ ಅದನ್ನೇ ಹೇರಿದುದರಲ್ಲಿ ಮಾತ್ರ ನೋಬಲನ ಆಕ್ಷೇಪ ನಿಲ್ಲುತ್ತದೆ.

ಬೆಂಗಳೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾದುದು ಎಂ.ಐ.ಟಿ.ಯ ಪ್ರದರ್ಶನದ ಮರುವರ್ಷ, 1953ರಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯ ಸಹಕಾರದಿಂದ. ಅಲ್ಲಿ ಮೊದಲು ಹೊರಟ ಲೇತುಗಳ ಮುಂದೆ ನಿಂತವನಿಗೆ ಕೈಕಣ್ಣುಗಳ ಪಳಗುವಿಕೆಯೇ ಬಂಡವಾಳ. ಒಂದು ದೇಶ ಆ ಕೈಯನ್ನು ಬಿಡಿಸಿಕೊಳ್ಳುವ ಉಪಾಯವನ್ನು ಕಂಡುಕೊಂಡ ಹೊತ್ತಿನಲ್ಲಿ ಮತ್ತೊಂದು ದೇಶ ಅದೇ ಕೈಯನ್ನು ತಿದ್ದಿ ಬೆಳೆಸಲು ಹೊರಟಿತ್ತು.

ಪಟ್ಟಿಯಲ್ಲಿ ರಂಧ್ರಗಳನ್ನು ಹೊಡೆಯಲು ಬೇಕಾದ ಗಣಿತವನ್ನು ಕೈಯಿಂದ ಮಾಡುವುದು ಕೊರೆಯುವುದಕ್ಕಿಂತ ದೀರ್ಘವಾದ ಕೆಲಸವಾಗಿದ್ದಿತು. ಡಗ್ಲಸ್ ರಾಸ್ ಎಂಬಾತನ ನೇತೃತ್ವದಲ್ಲಿ ಎಂ.ಐ.ಟಿ.ಯವರು ‘ಎ.ಪಿ.ಟಿ.’ ಎಂಬ ಯಂತ್ರಭಾಷೆಯನ್ನು ರಚಿಸಿ, 1959ರಲ್ಲಿ ಅದನ್ನು ಪ್ರಕಟಪಡಿಸುವಾಗ ಅದರಿಂದ ಕೊರೆದ ಅಲ್ಯೂಮಿನಿಯಂ ಬೂದಿಬಟ್ಟಲುಗಳನ್ನು ಪತ್ರಿಕೆಯವರಿಗೆ ಹಂಚಿದರು. ಯಂತ್ರವು ನೇರವಾಗಿ ಓದುವ ಸಂಕ್ಷಿಪ್ತ ಲಿಪಿ ಮಾತ್ರ ಬೇರೆ; ‘ಜಿ-ಕೋಡ್’ ಎಂದು ಕರೆಯಲ್ಪಡುವ ಅದಕ್ಕೆ 1980ರ ಹೊತ್ತಿಗೆ ಅಮೆರಿಕದಲ್ಲಿ ಖಚಿತ ಮಾನಕವಿದ್ದಿತು. ಅದರ ವ್ಯಾಕರಣ ಅತಿ ಸರಳ. ಜಿ 0 ಎಂದರೆ ಕೊರೆಯದೆ ಬೇಗ ಹೋಗು. ಜಿ 1 ಎಂದರೆ ನೇರವಾಗಿ ಕೊರೆಯುತ್ತ ಹೋಗು. ಜಿ 2, ಜಿ 3 ಎಂದರೆ ಬಲಕ್ಕೂ ಎಡಕ್ಕೂ ಕಮಾನು ಹಾಕು. ಎಂ 3 ಎಂದರೆ ಕಟರನ್ನು ತಿರುಗಿಸು, ಎಂ 5 ಎಂದರೆ ನಿಲ್ಲಿಸು. ವಿಮಾನದ ರೆಕ್ಕೆಗಾಗಿ ಹುಟ್ಟಿದ ಈ ಲಿಪಿಯನ್ನೇ ಇಂದು ಮನೆಯ ಯಂತ್ರವೂ ಓದುತ್ತದೆ.

ಮನೆಯ ಬಾಗಿಲು ತೆರೆದುದು 1990ರ ದಶಕದಲ್ಲಿ. ಅಮೆರಿಕ ಸರಕಾರದ ಮಾನಕ ಸಂಸ್ಥೆಯು ಸಾಮಾನ್ಯ ಕಂಪ್ಯೂಟರಿನಿಂದಲೇ ಇಂಥ ಯಂತ್ರವನ್ನು ನಡೆಸಬಲ್ಲ ಕ್ರಮವಿಧಿಯೊಂದನ್ನು ಬರೆಸಿ, ಅದನ್ನು ಸಾರ್ವಜನಿಕರ ಸೊತ್ತಾಗಿ ಬಿಟ್ಟುಕೊಟ್ಟಿತು. ಸ್ವಯಂಸೇವಕರು ಬೆಳೆಸಿದ ಅದೇ ಕೃತಿ ಇಂದಿನ ‘ಲಿನಕ್ಸ್ ಸಿ.ಎನ್.ಸಿ.’ 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿದ್ಯಾರ್ಥಿಗಳಿಗಾಗಿ ‘ಆರ್ಡುಯಿನೊ’ ಎಂಬ ಅಗ್ಗದ ಫಲಕ ಹುಟ್ಟಿತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್‌ಸ್ರುಡ್ ಎಂಬಾತನು ಆ ಫಲಕದಲ್ಲಿ ಹಿಡಿಯುವಂತೆ ‘ಗ್ರಬಲ್’ ಎಂಬ ನಿಯಂತ್ರಕವನ್ನು ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟನು. ಆರ್ಡುಯಿನೊ ಊನೋ ಫಲಕದ ಕಾರ್ಯಸ್ಮೃತಿಯ ವಿಸ್ತಾರ 2048 ಬೈಟು ಮಾತ್ರ. ಈ ಪ್ರಬಂಧದ ಒಂದು ಪುಟವನ್ನೂ ಅದರಲ್ಲಿ ತುಂಬಲಾಗದು. ಸಾಲು ಬೀರುಗಳ ಕೆಲಸ ಅಷ್ಟರಲ್ಲಿ ನಡೆಯುತ್ತದೆ.

ಅದು ನಡೆಯುವ ಬಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಮನೆಯ ಯಂತ್ರದಲ್ಲಿ ಸಾಮಾನ್ಯವಾಗಿ ಇರುವುದು ಸ್ಟೆಪ್ಪರ್ ಮೋಟಾರು, ಎಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು. ಒಂದು ಸುತ್ತಿಗೆ 200 ಹೆಜ್ಜೆ. ಪ್ರತಿ ಹೆಜ್ಜೆಯನ್ನು ಎಂಟಾಗಿ ಸೀಳಿದರೆ 1600. ಸುತ್ತಿಗೆ 5 ಮಿಲಿಮೀಟರ್ ಸರಿಯುವ ತಿರುಪನ್ನು ಅದಕ್ಕೆ ಜೋಡಿಸಿದರೆ, ಒಂದು ಮಿಲಿಮೀಟರಿಗೆ 320 ಹೆಜ್ಜೆಗಳಾದುವು. ಈ 320 ಎಂಬುದನ್ನು ನಿಯಂತ್ರಕಕ್ಕೆ ಹೇಳಿಕೊಟ್ಟರೆ ಮಿಲಿಮೀಟರುಗಳನ್ನು ಅದು ಹೆಜ್ಜೆಗಳಾಗಿ ಪರಿವರ್ತಿಸಿಕೊಳ್ಳುತ್ತದೆ. ಓರೆಗೆರೆಯನ್ನು ಕೊರೆಯಬೇಕಾದಾಗ ಒಂದು ಅಕ್ಷಕ್ಕೆ ಎಷ್ಟು ಹೆಜ್ಜೆಗೆ ಇನ್ನೊಂದು ಅಕ್ಷಕ್ಕೆ ಎಷ್ಟು ಎಂಬುದನ್ನು ಹಂಚಬೇಕು. ಇದಕ್ಕೆ ಗ್ರಬಲ್ ಬಳಸುವುದು ಐ.ಬಿ.ಎಂ.ನ ಜಾಕ್ ಬ್ರೆಸನ್‌ಹ್ಯಾಮ್ 1962ರಲ್ಲಿ ನಕ್ಷೆ ಬರೆಯುವ ಯಂತ್ರಕ್ಕಾಗಿ ಕಂಡುಹಿಡಿದ ಉಪಾಯವನ್ನು. ಅದರಲ್ಲಿ ಭಾಗಾಕಾರವಿಲ್ಲ, ಭಿನ್ನರಾಶಿಯಿಲ್ಲ, ಕೂಡುವುದು ಕಳೆಯುವುದಷ್ಟೇ. ಸಣ್ಣ ಫಲಕಕ್ಕೆ ಅದು ಸಾಕಾಗಿದೆ.

ಆದರೆ ಇಲ್ಲಿಯೇ ಒಂದು ದೌರ್ಬಲ್ಯವೂ ಇದೆ. 1952ರ ಯಂತ್ರವು ತಾನು ನಿಜವಾಗಿ ಎಲ್ಲಿದ್ದೇನೆಂಬುದನ್ನು ಅಳೆದು, ತಪ್ಪಿದ್ದರೆ ತಿದ್ದಿಕೊಳ್ಳುತ್ತಿತ್ತು. ಮನೆಯ ಯಂತ್ರವು ಹೆಜ್ಜೆಗಳನ್ನು ಎಣಿಸುತ್ತದೆ, ತಾಳೆ ನೋಡುವುದಿಲ್ಲ. ಗಂಟಿಗೆ ಸಿಕ್ಕಿ ಮೋಟಾರು ಹತ್ತು ಹೆಜ್ಜೆ ತಪ್ಪಿದರೆ ಆ ಕ್ಷಣದಿಂದ ಮುಂದಿನ ಕೆಲಸವೆಲ್ಲ ಅಷ್ಟು ಪಕ್ಕಕ್ಕೆ ಸರಿದು, ಯಂತ್ರವು ನಿಶ್ಚಿಂತೆಯಿಂದ ತಪ್ಪು ಕೊರೆಯುತ್ತ ಹೋಗುತ್ತದೆ. ತಿರುಪಿಗೂ ನಟ್ಟಿಗೂ ನಡುವಣ ಸಡಿಲದಿಂದ, ದಿಕ್ಕು ಬದಲಿಸಿದಾಗಲೆಲ್ಲ ವೃತ್ತವು ವೃತ್ತವಾಗದೆ ಚಪ್ಪಟೆಯಾಗುತ್ತದೆ. ಅಡ್ಡತೊಲೆಯ ಉದ್ದವನ್ನು ಎರಡರಷ್ಟು ಮಾಡಿದರೆ ಅದೇ ಭಾರಕ್ಕೆ ಅದು ಎಂಟರಷ್ಟು ಬಾಗುತ್ತದೆ. ದೊಡ್ಡ ಯಂತ್ರದ ಆಸೆಗೆ ಬಿದ್ದವರೆಲ್ಲ ಈ ನಿಯಮಕ್ಕೆ ದಂಡ ತೆತ್ತವರೇ. ಈ ಕಾರಣದಿಂದ ಕಟ್ಟಿದವನು ಯಂತ್ರದ ಪಕ್ಕದಲ್ಲಿಯೇ ನಿಂತು ಅದರ ಸದ್ದನ್ನು ಆಲಿಸಬೇಕಾಗುತ್ತದೆ. ಕಾರ್ಖಾನೆಯವರು ಬೇಡವೆಂದ ನುರಿತ ಕಿವಿ ಇಲ್ಲಿ ಬೇಕಾಯಿತು.

ಆಜ್ಞೆಗಳನ್ನು ಬರೆಯುವ ಕೆಲಸದಲ್ಲಿಯೂ ಹಾಗೆಯೇ. 100 ಮಿಲಿಮೀಟರಿನ ಚೌಕವನ್ನು ಕತ್ತರಿಸಬೇಕೆಂದರೆ ನಾಲ್ಕು ಮೂಲೆಗಳ ಅಂಕಿಗಳನ್ನು ಕೊಟ್ಟರೆ ಆಗದು. ಕಟರು 6 ಮಿಲಿಮೀಟರ್ ದಪ್ಪವಿದ್ದರೆ ಅದರ ನಡುಗೆರೆಯು ಅಂಚಿನಿಂದ 3 ಮಿಲಿಮೀಟರ್ ಹೊರಗೆ, 106 ಮಿಲಿಮೀಟರಿನ ಚೌಕದಲ್ಲಿ ನಡೆಯಬೇಕು. ಒಳಮೂಲೆಯನ್ನಂತೂ ದುಂಡು ಕಟರು ಎಂದಿಗೂ ಚೂಪಾಗಿ ತೆಗೆಯಲಾರದು. ಅಲ್ಲಿ ಉಳಿದುದನ್ನು ಬಡಗಿಯ ಉಳಿಯೇ ತೆಗೆಯಬೇಕು. ವೇಗದ ವಿಷಯದಲ್ಲಿ ಹೊಸಬರ ಊಹೆ ತಲೆಕೆಳಗಾಗುತ್ತದೆ. ಮೆಲ್ಲಗೆ ನಡೆಸಿದರೆ ಕ್ಷೇಮವೆಂದು ತೋರುವುದು ಸಹಜ. ಆದರೆ ಮೆಲ್ಲಗೆ ನಡೆದ ಕಟರು ಮರವನ್ನು ಹೆರೆಯದೆ ಉಜ್ಜುತ್ತದೆ, ಉಜ್ಜಿದ್ದು ಸುಡುತ್ತದೆ. ನಿಮಿಷಕ್ಕೆ 12000 ಸುತ್ತು ತಿರುಗುವ ಎರಡು ಅಲಗಿನ ಕಟರು, ಒಂದೊಂದು ಅಲಗಿಗೆ 0.05 ಮಿಲಿಮೀಟರ್ ಹೆರೆಯಬೇಕಾದರೆ ನಿಮಿಷಕ್ಕೆ 1200 ಮಿಲಿಮೀಟರ್ ಮುಂದುವರಿಯಬೇಕು. ಈ ಲೆಕ್ಕವನ್ನು ಹಾಕುವವನೂ, ಹೊಗೆಯ ವಾಸನೆಯನ್ನು ಹಿಡಿದು ಅದನ್ನು ತಿದ್ದುವವನೂ ಇಲ್ಲಿ ಒಬ್ಬನೇ.

ಹಾಗೆಂದು ವ್ಯಾಜ್ಯವು ಕೆಲಸಗಾರನ ಪರವಾಗಿ ತೀರಿತೆಂದು ಸಂಭ್ರಮಿಸುವಂತಿಲ್ಲ. ಸಿದ್ಧ ನಕ್ಷೆಯನ್ನು ತಂದು, ಸಿದ್ಧ ಕ್ರಮವಿಧಿಗೆ ಉಣಿಸಿ, ಅದು ಉಗುಳಿದ ಸಾವಿರಾರು ಸಾಲುಗಳಲ್ಲಿ ಒಂದನ್ನೂ ಓದದೆ ಗುಂಡಿ ಒತ್ತುವವರೂ ಮನೆಗಳಲ್ಲಿ ಬೇಕಾದಷ್ಟಿದ್ದಾರೆ. ಅವರು ತಮ್ಮ ಮನೆಯಲ್ಲಿಯೇ ಕಾರ್ಖಾನೆಯ ಕೂಲಿಗಳಾದಂತೆ. ಬೇರೆ ಬಗೆಯ ನಿದರ್ಶನವೊಂದು ಪುಣೆಯ ಕನ್ನಡಿಗರಿಗೆ ಹತ್ತಿರದಲ್ಲಿಯೇ ಇದೆ. ಆ ಜಿಲ್ಲೆಯ ಪಾಬಳ ಗ್ರಾಮದಲ್ಲಿ ಡಾ. ಎಸ್. ಎಸ್. ಕಲಬಾಗ ಅವರು 1983ರಲ್ಲಿ ‘ವಿಜ್ಞಾನ ಆಶ್ರಮ’ವನ್ನು ಸ್ಥಾಪಿಸಿ, ಹಳ್ಳಿಯ ಹುಡುಗರಿಗೆ ಕೆಲಸ ಮಾಡುತ್ತಲೇ ಕಲಿಯುವ ಶಿಕ್ಷಣವನ್ನು ಆರಂಭಿಸಿದರು. ಎಂ.ಐ.ಟಿ.ಯ ನೀಲ್ ಗರ್ಶನ್‌ಫೆಲ್ಡ್ ‘ಫ್ಯಾಬ್ ಲ್ಯಾಬ್’ ಎಂಬ ತಮ್ಮ ಸಾರ್ವಜನಿಕ ಕಮ್ಮಟದ ಕಲ್ಪನೆಯನ್ನು ಎಂ.ಐ.ಟಿ.ಯ ಹೊರಗೆ ಮೊದಲು ನೆಲೆಗೊಳಿಸಿದ್ದು 2002ರಲ್ಲಿ, ಅಲ್ಲಿಯೇ. ಪದವಿಯಿಲ್ಲದ ಪಾರ್ಸನ್ಸನನ್ನು ಹಿಂದೆ ಸರಿಸಿದ ಅದೇ ವಿದ್ಯಾಸಂಸ್ಥೆಯ ಯಂತ್ರಗಳು ಅರ್ಧ ಶತಮಾನದ ತರುವಾಯ ಶಾಲೆ ಬಿಟ್ಟ ಹುಡುಗರ ಕೈಗೂ ಬಂದುದು ಕಾಲದ ವಿನೋದ.

ಮನೆಯಲ್ಲಿ ಯಂತ್ರ ಕಟ್ಟುವವರಲ್ಲಿ ರೂಢಿಯಾಗಿರುವ ಕ್ರಮವೊಂದಿದೆ. ಜೋಡಣೆ ಮುಗಿದ ಕೂಡಲೆ ಕಟರಿನ ಜಾಗದಲ್ಲಿ ಲೇಖನಿಯೊಂದನ್ನು ಕಟ್ಟಿ, ಕಾಗದದ ಮೇಲೆ ಚೌಕವನ್ನೂ ವೃತ್ತವನ್ನೂ ಬರೆಯಿಸಿ, ಕರ್ಣಗಳನ್ನು ಅಳೆದು ನೋಡುವರು. ಎರಡು ಕರ್ಣಗಳೂ ಸಮವಾದ ಮೇಲೆ ಲೇಖನಿಯನ್ನು ಬಿಚ್ಚಿ ಕಟರನ್ನು ತೊಡಿಸಿ, ಹಾಸಿಗೆಯಾಗಿ ಹಾಕಿದ ಹಲಗೆಯ ಮೈಯನ್ನು ಆದ್ಯಂತವಾಗಿ ಅರ್ಧ ಮಿಲಿಮೀಟರಿನಷ್ಟು ಹೆರೆಯಿಸುವರು. ಹಲಗೆಯು ಎಷ್ಟೇ ಡೊಂಕಾಗಿದ್ದರೂ, ಕಟರು ನಡೆಯುವ ಮಟ್ಟಕ್ಕೇ ಹಲಗೆಯ ಮೈ ಬಂದು ನಿಲ್ಲುತ್ತದೆ. ಯಂತ್ರವು ಮಾಡುವ ಮೊದಲ ಕೆಲಸವೇ ತನ್ನ ಹಾಸಿಗೆಯನ್ನು ತಾನೇ ಸಮ ಮಾಡಿಕೊಳ್ಳುವುದು.