ಗಲ್ಲಾದ ಹಿಂದಿನ ಕಣ್ಣು: ಬ್ರಿಟನ್ನಿನ ಪೇಟೆಬೀದಿ ಮತ್ತು ಪಾರ್ಕಿಂಗ್ ಶುಲ್ಕ

2015ರಲ್ಲಿ ವೇಲ್ಸ್‌ನ ಪಶ್ಚಿಮ ಕರಾವಳಿಯ ಕಾರ್ಡಿಗನ್ ಎಂಬ ಸಣ್ಣ ಊರಿನಲ್ಲಿ ಯಾರೋ ಕಿಡಿಗೇಡಿಗಳು ಕೌನ್ಸಿಲ್ ಕಾರ್ ಪಾರ್ಕುಗಳ ಚೀಟಿ ಯಂತ್ರಗಳನ್ನು ಒಡೆದುಹಾಕಿದರು. ರಿಪೇರಿ ಆಗುವವರೆಗೆ ಕಾರು ನಿಲ್ಲಿಸುವುದು ಪುಕ್ಕಟೆ. ವ್ಯಾಪಾರ ಏರಿತು, ಕೆಲವು ಅಂಗಡಿಗಳಲ್ಲಿ ಒಂದೂವರೆ ಪಟ್ಟಾಯಿತು ಎಂದು ಅಂಗಡಿಯವರು ಪತ್ರಕರ್ತರ ಮುಂದೆ ಹಿಗ್ಗಿದರು. ಸಂಶೋಧಕನೊಬ್ಬ ತಾನಾಗಿ ಏರ್ಪಡಿಸಲಾಗದಂಥ ಪ್ರಯೋಗವಿದು. ಆದರೆ ಈ ಅಂಕಿ ಗಲ್ಲಾದ ಹಿಂದೆ ಕೂತವರ ಬಾಯಿಮಾತಿನದು.

ಆ ಬಾಯಿಮಾತನ್ನು ಎಷ್ಟು ನಂಬಬೇಕು? ಬ್ರಿಸ್ಟಲ್ ನಗರದ ಗ್ಲಾಸ್ಟರ್ ರಸ್ತೆ ನಮ್ಮ ಹಳೆಯ ಪೇಟೆಬೀದಿಗಳ ಹಾಗೆ ಸಣ್ಣ ಅಂಗಡಿಗಳು ಒತ್ತೊತ್ತಾಗಿ ನಿಂತ ಜಾಗ. ನಡಿಗೆ, ಸೈಕಲ್ ಸವಾರಿಯನ್ನು ಉತ್ತೇಜಿಸುವ ಸಸ್ಟ್ರಾನ್ಸ್ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಲ್ಲಿನ ಅಂಗಡಿಯವರನ್ನೂ ಗಿರಾಕಿಗಳನ್ನೂ ಬೇರೆಬೇರೆಯಾಗಿ ಕೇಳಲಾಗಿತ್ತು. ಶೇ. 41 ಮಂದಿ ಕಾರಿನಲ್ಲಿ ಬರುತ್ತಾರೆಂದು ಅಂಗಡಿಯವರ ಅಂದಾಜು. ಹಾಗೆ ಬಂದವರು ಶೇ. 22 ಮಾತ್ರ. ಶೇ. 55 ಮಂದಿ ನಡೆದೇ ಬಂದಿದ್ದರು. ಅಂಗಡಿಯವರು ಸುಳ್ಳು ಹೇಳಿದರೆಂದು ನನಗನ್ನಿಸುವುದಿಲ್ಲ. ಕಾರು ಬಾಗಿಲೆದುರೇ ನಿಲ್ಲುತ್ತದೆ. ಗಾಜಿಗೆ ದಂಡದ ಚೀಟಿ ಅಂಟಿದರೆ ಅದರ ಒಡೆಯ ಅದೇ ಅಂಗಡಿಗೆ ಮರಳಿ ಬಂದು ರೇಗುತ್ತಾನೆ. ಪಕ್ಕದ ಓಣಿಯಿಂದ ಚೀಲ ಹಿಡಿದು ಬಂದ ಅಜ್ಜಿಯನ್ನು ಹೇಗೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ.

ಹಾಗೆಂದು ಬ್ರಿಸ್ಟಲ್ಲಿನ ಅಂಕಿಯನ್ನು ಹಿಡಿದು ಕಾರ್ಡಿಗನ್ನಿನವರ ಬಾಯಿ ಮುಚ್ಚಿಸುವುದು ಸಲ್ಲದು. ಮನೆಗಳು ಕಿಕ್ಕಿರಿದ ನಗರದಲ್ಲಿ ನಡೆಯುವ ಮಾತು ಬೇರೆ, ಸುತ್ತಲ ಹಳ್ಳಿಗಳಿಂದ ಕಾರಿನಲ್ಲೇ ಸಂತೆಗೆ ಬರಬೇಕಾದ ಊರಿನ ಮಾತು ಬೇರೆ. ಈ ಚರ್ಚೆಯ ಬಹುಪಾಲು ಗೊಂದಲ ಇವೆರಡನ್ನೂ ಒಂದೇ ‘ಹೈ ಸ್ಟ್ರೀಟ್’ (ಪೇಟೆಬೀದಿ) ಎಂದು ಕರೆಯುವುದರಿಂದ ಹುಟ್ಟಿದೆ.

ಶುಲ್ಕದ ಮೂಲ ಉದ್ದೇಶ ವ್ಯಾಪಾರಕ್ಕೆ ವಿರುದ್ಧವಾದದ್ದಲ್ಲ. ಬ್ರಿಟನ್ನಿನ ಮೊದಲ ಪಾರ್ಕಿಂಗ್ ಮೀಟರುಗಳು 1958ರ ಜುಲೈಯಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಬಂದಾಗ ದರ ಗಂಟೆಗೆ ಆರು ಪೆನ್ನಿ. ಒಂದೇ ಕಾರು ದಿನವಿಡೀ ಜಾಗ ಹಿಡಿಯದೆ, ಒಬ್ಬರ ಹಿಂದೆ ಒಬ್ಬರು ಬಂದು ಹೋಗಲಿ ಎಂಬುದು ಲೆಕ್ಕ. ಅಮೆರಿಕದ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ 2005ರ ತಮ್ಮ ಗ್ರಂಥದಲ್ಲಿ ಇದನ್ನೇ ಬೆಳೆಸಿ, ನೂರರಲ್ಲಿ ಸುಮಾರು 85 ಜಾಗ ತುಂಬಿ ಉಳಿದವು ಖಾಲಿ ಇರುವಂತೆ ದರ ಕಟ್ಟಬೇಕೆಂದರು. ಪುಕ್ಕಟೆ ಜಾಗವನ್ನು ಬೆಳಗ್ಗೆಯೇ ಹಿಡಿಯುವವರಲ್ಲಿ ಆ ಬೀದಿಯ ಅಂಗಡಿ ಮಾಲೀಕರೂ ಕೆಲಸದವರೂ ಇರುತ್ತಾರೆ ಎಂಬುದು ವರ್ತಕರ ಮನವಿಪತ್ರಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಜಗಳ ಹತ್ತುವುದು ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬಲ್ಲಿ. 1984ರ ರಸ್ತೆ ಸಂಚಾರ ನಿಯಂತ್ರಣ ಕಾಯಿದೆಯ 55ನೇ ಕಲಮಿನ ಪ್ರಕಾರ ಬೀದಿಬದಿಯ ಶುಲ್ಕದಲ್ಲಿ ಮಿಕ್ಕಿದ್ದನ್ನು ಪಾರ್ಕಿಂಗ್, ರಸ್ತೆ, ಸಾರಿಗೆಯಂಥ ಗೊತ್ತಾದ ಬಾಬತ್ತುಗಳಿಗೇ ಬಳಸಬೇಕು. 2013ರಲ್ಲಿ ಲಂಡನ್ನಿನ ಬಾರ್ನೆಟ್ ಕೌನ್ಸಿಲ್ ನಿವಾಸಿಗಳ ಪರವಾನಗಿ ದರವನ್ನು 40 ಪೌಂಡಿನಿಂದ 100ಕ್ಕೆ ಏರಿಸಿದ್ದನ್ನು ಹೈಕೋರ್ಟು ತಳ್ಳಿಹಾಕಿತು: ಈ ಕಾಯಿದೆ ಬೊಕ್ಕಸ ತುಂಬುವ ಸಾಧನವಲ್ಲ ಎಂದಿತು. ಆದರೆ ಬೀದಿಯಿಂದಾಚೆ ಇರುವ ಕೌನ್ಸಿಲ್ ಕಾರ್ ಪಾರ್ಕಿನ ಆದಾಯಕ್ಕೆ ಆ ಕಲಮಿನ ಕಟ್ಟುಪಾಡಿಲ್ಲ. ಸಣ್ಣ ಊರುಗಳಲ್ಲಿ ಗಿರಾಕಿ ಹೆಚ್ಚಾಗಿ ಕಾರು ನಿಲ್ಲಿಸುವುದು ಅಲ್ಲಿಯೇ.

ನನ್ನ ವಾದವಿಷ್ಟು: ಶುಲ್ಕದ ಪೆಟ್ಟು ಇಡೀ ಬೀದಿಗೆ ಒಂದೇ ತೆರನಾಗಿ ಬೀಳುವುದಿಲ್ಲ, ಖರೀದಿಯ ಬಗೆಯನ್ನು ನೋಡಿ ಬೀಳುತ್ತದೆ. ಮದುವೆಗೆ ಸೂಟು ಕೊಳ್ಳಲು ಬಂದವನಿಗೆ ಎರಡು ಪೌಂಡು ಲೆಕ್ಕಕ್ಕಿಲ್ಲ. ಒಂದು ಬ್ರೆಡ್ಡಿಗೋ ಬೂಟಿನ ಲಾಡಿಗೋ ಬಂದವನಿಗೆ ಒಂದು ಪೌಂಡು ಸರಕಿನ ಬೆಲೆಗೇ ಸಮ. ಊರಾಚೆಯ ಸೂಪರ್‌ಮಾರ್ಕೆಟ್ಟಿನಲ್ಲಾದರೆ ಅದೂ ಬೇಡ. (ಅಲ್ಲಿ ನಿಲುಗಡೆಯ ಖರ್ಚು ಸರಕಿನ ಬೆಲೆಯಲ್ಲಿ ಅಡಗಿರುತ್ತದೆ, ಬಸ್ಸಿನಲ್ಲಿ ಬಂದವನೂ ಅದನ್ನು ಕೊಡುತ್ತಾನೆ.) ಚಿಲ್ಲರೆಗೆ ಜೇಬು ತಡಕುವುದು, ಯಂತ್ರದ ಮುಂದಿನ ಸಾಲು, ದಂಡದ ಅಳುಕು ಇವೂ ದರದ ಭಾಗವೇ. 2011ರ ಕೊನೆಯಲ್ಲಿ ಚಿಲ್ಲರೆ ವ್ಯಾಪಾರ ತಜ್ಞೆ ಮೇರಿ ಪೋರ್ಟಸ್ ಸರ್ಕಾರಕ್ಕೆ ಕೊಟ್ಟ ವರದಿ ಪೇಟೆಗಳಲ್ಲಿ ಪುಕ್ಕಟೆಯಾದರೂ ಹತೋಟಿಯಿರುವ ನಿಲುಗಡೆ ಬೇಕೆಂದದ್ದು ಈ ಅರ್ಥದಲ್ಲಿ ಸರಿ.

ಇಂಗ್ಲೆಂಡಿನಲ್ಲಿ 2015ರ ಪಾರ್ಕಿಂಗ್ ಕಾನೂನು ದಂಡ ಹಾಕುವ ಮುನ್ನ ಹತ್ತು ನಿಮಿಷದ ರಿಯಾಯಿತಿಯನ್ನೇನೋ ಕೊಟ್ಟಿತು, ಆದರೆ ಹಣ ಕಟ್ಟಿದ ಅವಧಿ ಮುಗಿದ ಮೇಲೆ. ಬ್ರೆಡ್ಡು ಕೊಳ್ಳಲು ಬಂದವನಿಗೆ ಆ ಹತ್ತು ನಿಮಿಷ ಬೇಕಿದ್ದದ್ದು ಯಂತ್ರದ ಬಳಿ ಹೋಗುವುದಕ್ಕೆ ಮೊದಲು.