ಬೀಜ ತೆಗೆಸಿದ ಕುದುರೆಯ ಗಂಡುವರ್ತನೆ: ಕಾರಣಗಳ ಮರುಪರಿಶೀಲನೆ

ಬೀಜ ತೆಗೆಸಿದ ಕುದುರೆಯೊಂದು ಬೆದೆಗೆ ಬಂದ ಹೆಣ್ಣನ್ನು ಕಂಡೊಡನೆ ಕತ್ತು ಬಾಗಿಸಿ ಕೆನೆಯುತ್ತದೆ. ಹೆಣ್ಣು ಹಾಕಿದ ಲದ್ದಿಯನ್ನು ಮೂಸಿ, ಮೇಲ್ದುಟಿ ಮಡಚಿ, ಅದರ ಮೇಲೆ ತಾನೂ ಮೂತ್ರ ಹೊಯ್ಯುತ್ತದೆ. ಕಿವಿ ಹಿಂದಕ್ಕೊತ್ತಿ, ತಲೆಯನ್ನು ನೆಲಮಟ್ಟಕ್ಕೆ ಇಳಿಸಿ ಹೆಣ್ಣನ್ನು ಗುಂಪಿನಿಂದಾಚೆಗೆ ಅಟ್ಟುತ್ತದೆ. ಕೆಲವು ಮೇಲೇರುವುದೂ ಉಂಟು. ಲಾಯಗಳಲ್ಲಿ ಇದು ಅಪರೂಪದ ದೃಶ್ಯವೇನಲ್ಲ. ಆದರೂ ಪ್ರತಿಸಲ ಕೇಳಿಬರುವ ಮಾತು ಒಂದೇ: 'ಆಪರೇಷನ್ ಸರಿಯಾಗಿಲ್ಲ, ಒಳಗೆ ಏನೋ ಉಳಿದಿದೆ.' ಈ ತೀರ್ಮಾನ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಎಂಬುದೂ, ಅದಕ್ಕಾಗಿ ಕುದುರೆ ಅನುಭವಿಸುವ ಹೊಡೆತ ಮತ್ತು ಮರುಶಸ್ತ್ರಚಿಕಿತ್ಸೆ ಅನಗತ್ಯ ಎಂಬುದೂ ಈ ಲೇಖನದ ವಾದ.

ಬೀಜ ತೆಗೆದರೆ ಕುದುರೆ ಸೌಮ್ಯವಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಸಿಥಿಯನ್ನರೂ ಸರ್ಮೇಷಿಯನ್ನರೂ ತಮ್ಮ ಕುದುರೆಗಳನ್ನು ಪಳಗಿಸಲು ಹೀಗೆ ಮಾಡುತ್ತಿದ್ದರೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ದಾಖಲಿಸಿದ್ದಾನೆ. ನಂಬಿಕೆ ಸುಳ್ಳಲ್ಲ, ಅಪೂರ್ಣ. ಎಷ್ಟು ಅಪೂರ್ಣ ಎಂಬುದನ್ನು ಅಂಕಿಗಳಲ್ಲಿ ತೋರಿಸಿದ್ದು ಲೈನ್, ಹಾರ್ಟ್ ಮತ್ತು ಸ್ಯಾಂಡರ್ಸ್ ಅವರ 1985ರ ಅಧ್ಯಯನ. ಪ್ರಾಯಕ್ಕೆ ಬರುವ ಮೊದಲೇ ಬೀಜ ತೆಗೆಸಿದ ಕುದುರೆಗಳಲ್ಲೂ ಶೇ. 20ರಿಂದ 30ರಷ್ಟು ಗಂಡುಕುದುರೆಯ ಲೈಂಗಿಕ ವರ್ತನೆಯನ್ನೋ ಇತರ ಕುದುರೆಗಳ ಮೇಲಿನ ಆಕ್ರಮಣವನ್ನೋ ತೋರಿದವು. ಚಿಕ್ಕಂದಿನಲ್ಲೇ ತೆಗೆಸಿದ್ದಕ್ಕೂ ಪ್ರಾಯ ಬಂದ ಮೇಲೆ ತೆಗೆಸಿದ್ದಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 'ತಡಮಾಡಿದ್ದಕ್ಕೇ ಹೀಗಾಯಿತು' ಎಂಬ ವಿವರಣೆ ಇಲ್ಲಿಗೆ ಬಿದ್ದುಹೋಗುತ್ತದೆ.

ಹಾಗಾದರೆ ಈ ವರ್ತನೆಯ ಬೇರು ಎಲ್ಲಿದೆ? ವೃಷಣದ ಹಾರ್ಮೋನುಗಳು ಎರಡು ಹಂತಗಳಲ್ಲಿ ಕೆಲಸ ಮಾಡುತ್ತವೆ. ಹುಟ್ಟುವ ಮೊದಲು ಮಿದುಳಿನ ನರಜಾಲವನ್ನು ಗಂಡಿನ ಮಾದರಿಯಲ್ಲಿ ಕಟ್ಟುವುದು ಒಂದು, ಪ್ರಾಯದಲ್ಲಿ ಅದೇ ಜಾಲವನ್ನು ಚುರುಕುಗೊಳಿಸುವುದು ಇನ್ನೊಂದು. ಫೀನಿಕ್ಸ್ ಮತ್ತು ಸಹೋದ್ಯೋಗಿಗಳು 1959ರಲ್ಲಿ ಗಿನಿಯಿಲಿಗಳ ಮೇಲಿನ ಪ್ರಯೋಗದಿಂದ ಈ ಭೇದವನ್ನು ಸ್ಥಾಪಿಸಿದರು. ಚಾಕು ತಡೆಯಬಲ್ಲದ್ದು ಎರಡನೆಯದನ್ನು ಮಾತ್ರ. ಮರಿ ಹೊರಬರುವ ಹೊತ್ತಿಗೆ ಮೊದಲನೆಯದು ಬಹುಪಾಲು ಮುಗಿದಿರುತ್ತದೆ. ಬೀಜ ತೆಗೆಸಿದ ಕುದುರೆಗೆ ಟೆಸ್ಟೊಸ್ಟೆರಾನ್ ಚುಚ್ಚಿದರೆ ಅದು ಪೂರ್ಣ ಗಂಡುವರ್ತನೆಗೆ ಮರಳುತ್ತದೆ, ಬೆದೆ ಪತ್ತೆಗೂ ಬಳಕೆಗೆ ಬರುತ್ತದೆ. ಜಾಲ ಅಳಿದಿಲ್ಲ, ಮಂಕಾಗಿದೆ ಅಷ್ಟೆ ಎಂಬುದಕ್ಕೆ ಇದು ನೇರ ಸಾಕ್ಷ್ಯ.

'ಒಳಗೆ ಚೂರು ಉಳಿದಿದೆ' ಎಂಬ ವಾದವನ್ನು ಇಲ್ಲಿ ಬಿಡಿಸಿ ನೋಡಬೇಕು. ವೃಷಣಕ್ಕೆ ಅಂಟಿಕೊಂಡಿರುವ ಸುರುಳಿನಾಳ, ಅಂದರೆ ಎಪಿಡಿಡಿಮಿಸ್, ಕೊಂಚ ಉಳಿದರೆ ಕುದುರೆ ಗಂಡಾಗಿಯೇ ಇರುತ್ತದೆಂದು ಅನೇಕರು ನಂಬಿದ್ದಾರೆ. ಆ ನಾಳ ಟೆಸ್ಟೊಸ್ಟೆರಾನ್ ತಯಾರಿಸುವುದಿಲ್ಲ, ಅದನ್ನು ತಯಾರಿಸುವುದು ವೃಷಣದೊಳಗಿನ ಲೇಡಿಗ್ ಕೋಶಗಳು. ನಿಜವಾದ ಅಪಾಯ ಇದಕ್ಕೆ ತದ್ವಿರುದ್ಧವಾದದ್ದು. ವೃಷಣ ಹೊಟ್ಟೆಯಲ್ಲೇ ಉಳಿದ ಕುದುರೆಗಳಲ್ಲಿ ಎಪಿಡಿಡಿಮಿಸ್‌ನ ಬಾಲದ ತುದಿ ಮಾತ್ರ ತೊಡೆಸಂದಿಯ ಕಾಲುವೆಗೆ ಇಳಿದಿರಬಹುದು. ಅದನ್ನೇ ಸಣ್ಣ ವೃಷಣವೆಂದು ಭ್ರಮಿಸಿ ಕತ್ತರಿಸಿದರೆ, ಹಾರ್ಮೋನು ಸುರಿಸುವ ಅಸಲು ವೃಷಣ ಮೇಲೆಯೇ ಉಳಿಯುತ್ತದೆ. ತೆಗೆದ ಅಂಗಾಂಶವನ್ನು ಮೇಜಿನ ಮೇಲೆ ಸೀಳಿ ನೋಡಿ ಖಚಿತಪಡಿಸಿಕೊಳ್ಳುವುದಕ್ಕೆ ನಿಮಿಷವೂ ಬೇಡ. ಪ್ರತಿಯೊಬ್ಬ ಪಶುವೈದ್ಯರೂ ಇದನ್ನು ತಪ್ಪದೆ ಮಾಡಬೇಕು.

ಅನುಮಾನ ಉಳಿದರೆ ರಕ್ತಪರೀಕ್ಷೆ ಇದೆ. ವೃಷಣವನ್ನು ಪ್ರಚೋದಿಸುವ ಹೆಚ್‌ಸಿಜಿ ಹಾರ್ಮೋನನ್ನು ಚುಚ್ಚುವ ಮೊದಲೂ ನಂತರವೂ ಟೆಸ್ಟೊಸ್ಟೆರಾನ್ ಅಳೆದರೆ, ವೃಷಣವಿದ್ದಲ್ಲಿ ಮಟ್ಟ ಏರುತ್ತದೆ. ವೃಷಣದ ಸೆರ್ಟೊಲಿ ಕೋಶಗಳು ಸ್ರವಿಸುವ ಆಂಟಿ-ಮುಲ್ಲೇರಿಯನ್ ಹಾರ್ಮೋನು ಗಂಡಿನಲ್ಲಿ ಕಂಡುಬಂದರೆ ವೃಷಣದ ಅಂಗಾಂಶ ಇದೆಯೆಂದೇ ಅರ್ಥ. ಇದಕ್ಕೆ ಒಂದೇ ಸಲದ ರಕ್ತ ಸಾಕು. ಈಸ್ಟ್ರೋನ್ ಸಲ್ಫೇಟ್ ಪರೀಕ್ಷೆಯನ್ನು ಮಾತ್ರ 3 ವರ್ಷ ತುಂಬದ ಕುದುರೆಗಳಲ್ಲೂ ಕತ್ತೆಗಳಲ್ಲೂ ನೆಚ್ಚುವಂತಿಲ್ಲ.

ಪರೀಕ್ಷೆಯಲ್ಲಿ ಏನೂ ಸಿಗದ ಕುದುರೆಗಳೇ ನಿಜವಾದ ಪ್ರಶ್ನೆ. ಅವುಗಳ ಸುತ್ತಲಿನ ಸಹವಾಸವನ್ನು ನೋಡದೆ ಉತ್ತರ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಕೇಂದ್ರದ ಸೂ ಮ್ಯಾಕ್‌ಡೊನೆಲ್ ಮತ್ತು ಮರ್ರೆ 1995ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ದಾರಿ ತೋರುತ್ತದೆ. ಹೆಣ್ಣುಗಳ ಗುಂಪಿನೊಂದಿಗಿರುವ ಬೀಜದ ಕುದುರೆಗೂ ಗಂಡುಗಳ ಗುಂಪಿನಲ್ಲಿರುವ ಬೀಜದ ಕುದುರೆಗೂ ವರ್ತನೆಯಲ್ಲಿ ಮಾತ್ರವಲ್ಲ, ಟೆಸ್ಟೊಸ್ಟೆರಾನ್ ಮಟ್ಟದಲ್ಲೂ ವ್ಯತ್ಯಾಸವಿದೆ. ಹೆಣ್ಣುಗಳ ಸಂಗದಲ್ಲಿ ಅದು ಏರುತ್ತದೆ, ಗಂಡುಗಳ ಗುಂಪಿನಲ್ಲಿ ಇಳಿಯುತ್ತದೆ. ಅಂದರೆ ಹಾರ್ಮೋನು ವರ್ತನೆಯನ್ನು ನಡೆಸುವಂತೆ ಸಹವಾಸವೂ ಹಾರ್ಮೋನನ್ನು ನಡೆಸುತ್ತದೆ. ಬೀಜ ತೆಗೆಸಿದ ಕುದುರೆಯಲ್ಲಿ ಏರಲು ಹಾರ್ಮೋನೇ ಇಲ್ಲ, ಆದರೆ ಸಹವಾಸದ ಸಂಕೇತಗಳು ಮೂಗು, ಕಣ್ಣು, ಕಿವಿಗಳ ಮೂಲಕ ಹಳೆಯ ನರಜಾಲವನ್ನು ತಲುಪುತ್ತಲೇ ಇರುತ್ತವೆ. ವರ್ಷಗಟ್ಟಲೆ ತಣ್ಣಗಿದ್ದ ಕುದುರೆ, ಹೊಸ ಹೆಣ್ಣೊಂದು ಗುಂಪಿಗೆ ಸೇರಿದ ದಿನವೇ ಕಾವಲುಗಾರನಾಗಿ ಬದಲಾಗುವುದನ್ನು ಇದಲ್ಲದೆ ಬೇರೆ ಬಗೆಯಲ್ಲಿ ವಿವರಿಸಲಾಗದು. ಹೆಣ್ಣಿನ ಪಾಲೂ ಸಣ್ಣದಲ್ಲ: ಸುಮಾರು 21 ದಿನಗಳ ಚಕ್ರದಲ್ಲಿ 5ರಿಂದ 7 ದಿನ ಬೆದೆಯಲ್ಲಿರುವ ಅದು ಬಾಲವೆತ್ತಿ ತಾನೇ ಗಂಡಿನ ಬಳಿಗೆ ಹೋಗುತ್ತದೆ.

ನಮ್ಮ ನಾಡಿನ ಮಟ್ಟಿಗೆ ಒಂದು ಮಾತು ಸೇರಿಸಬೇಕು. ಹೆಣ್ಣು ಕುದುರೆಯ ಬೆದೆಗಾಲ ಹಗಲಿನ ಉದ್ದವನ್ನು ಅವಲಂಬಿಸಿದೆ. ಯೂರೋಪಿನಲ್ಲಿ ಚಳಿಗಾಲವಿಡೀ ಬಹುತೇಕ ಹೆಣ್ಣುಗಳು ಸುಮ್ಮನಿರುತ್ತವೆ. ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ಅಂತರ. ಸಮಭಾಜಕಕ್ಕೆ ಹತ್ತಿರವಾದಷ್ಟೂ ಋತುವಿನ ಈ ಕಟ್ಟು ಸಡಿಲವಾಗುವುದರಿಂದ, ವಸಂತ ಕಳೆದರೆ ಎಲ್ಲ ಶಾಂತವಾಗುತ್ತದೆಂಬ ಪಾಶ್ಚಾತ್ಯ ಕೈಪಿಡಿಗಳ ಭರವಸೆಯನ್ನು ಇಲ್ಲಿನ ಲಾಯಗಳು ನೆಚ್ಚಿಕೊಳ್ಳಬಾರದು.

ಆದ್ದರಿಂದ ಕುದುರೆ ಸಾಕುವವರಲ್ಲಿ ನನ್ನ ಕೋರಿಕೆ ಇಷ್ಟು: ಇಂಥ ಕುದುರೆಯನ್ನು ಹೊಡೆಯಬೇಡಿ, ರಕ್ತಪರೀಕ್ಷೆಯಿಲ್ಲದೆ ಮತ್ತೆ ಚಾಕುವಿಗೆ ಒಡ್ಡಬೇಡಿ. ಪರೀಕ್ಷೆ ವೃಷಣವಿಲ್ಲವೆಂದರೆ, ಅದನ್ನು ಹೆಣ್ಣುಗಳ ಬಯಲಿನಿಂದ ಬಿಡಿಸಿ ತನ್ನಂಥದೇ ಬೀಜ ತೆಗೆಸಿದ ಕುದುರೆಗಳ ಜೊತೆಗೆ ಬಿಡಿ.